ಅರ್ಧ ಖಾಲಿ ಇರುವ ಅಪಾರ್ಟ್‌ಮೆಂಟ್‌ನ ಎಸ್‌ಟಿಪಿಗೆ ಇನ್ನೊಂದು ಬ್ಲೋವರ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ 200 ಮನೆಗಳ ಅಪಾರ್ಟ್‌ಮೆಂಟ್, ಅರ್ಧ ಮನೆಗಳು ಇನ್ನೂ ಖಾಲಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್) ವಾಸನೆ ಹೊಡೆಯುತ್ತಿದೆ, ಕ್ಲಾರಿಫೈಯರ್ (ಕೆಸರು ತಳಕ್ಕೆ ಕೂರುವ ಟ್ಯಾಂಕ್) ಮೇಲೆ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಮುದ್ದೆಗಳು ತೇಲುತ್ತಿವೆ, ಕರೆಂಟ್ ಬಿಲ್ ಜಾಸ್ತಿ. ಗುತ್ತಿಗೆದಾರರು ಇನ್ನೊಂದು ಬ್ಲೋವರ್ (ಟ್ಯಾಂಕಿಗೆ ಗಾಳಿ ಊದುವ ಯಂತ್ರ) ಹಾಕಿಸಿ ಅನ್ನುತ್ತಿದ್ದಾರೆ.

ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಇಂಥ ಪ್ಲಾಂಟ್‌ಗಳನ್ನು ನಡೆಸುವುದೇ ನನ್ನ ಕೆಲಸ. ನೀವು ಹೇಳಿದ ಲಕ್ಷಣ ನೋಡಿದರೆ ಗಾಳಿ ಸಾಲುತ್ತಿಲ್ಲ ಅನ್ನಿಸುವುದಿಲ್ಲ. ಹಳೇ ಸ್ಲಡ್ಜ್ ಹೊರಗೆ ಹೋಗುತ್ತಿಲ್ಲ ಅನ್ನಿಸುತ್ತದೆ.

ಮನೆಗೆ 4 ಜನ, ತಲೆಗೆ 135 ಲೀಟರ್ ಅಂತ ಹಿಡಿದರೆ ದಿನಕ್ಕೆ 1,08,000 ಲೀಟರ್ ಕೊಳಚೆ. ಬಿಒಡಿ (ಕೊಳಚೆಯಲ್ಲಿರುವ, ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) ಲೀಟರಿಗೆ 250 ಮಿಲಿಗ್ರಾಂ ಅಂದುಕೊಂಡರೆ ಬ್ಯಾಕ್ಟೀರಿಯಾಗಳಿಗೆ ದಿನಕ್ಕೆ 27 ಕಿಲೋ ಊಟ. ಟ್ಯಾಂಕು, ಬ್ಲೋವರ್ ಎಲ್ಲ ಈ ಲೆಕ್ಕಕ್ಕೇ ಕಟ್ಟಿರುತ್ತಾರೆ. ನಿಮ್ಮಲ್ಲಿ ಬರುತ್ತಿರುವುದು ಅದರ ಅರ್ಧ. ಗಾಳಿ ಮಾತ್ರ ಪೂರ್ತಿ ಓಡುತ್ತಿದೆ, ಅಲ್ವಾ?

ಹಾಗಾದಾಗ ಅಮೋನಿಯಾ ಎಲ್ಲ ನೈಟ್ರೇಟ್ ಆಗುತ್ತದೆ. ಆ ನೀರು ಕ್ಲಾರಿಫೈಯರ್‌ಗೆ ಹೋಗಿ, ಸ್ಲಡ್ಜ್ ತಳದಲ್ಲಿ ಹೊತ್ತು ಕಳೆದರೆ ಅಲ್ಲಿ ಆಮ್ಲಜನಕ ಮುಗಿಯುತ್ತದೆ. ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತವೆ, ಸಾರಜನಕದ ಗುಳ್ಳೆಗಳು ಮುದ್ದೆಗಳನ್ನು ಮೇಲಕ್ಕೆ ಎತ್ತುತ್ತವೆ. ಇನ್ನೊಂದು ಬ್ಲೋವರ್ ಹಾಕಿದರೆ ಇದು ಕಮ್ಮಿ ಆಗುವುದಿಲ್ಲ, ಹೆಚ್ಚೇ ಆಗಬಹುದು.

ಮೊದಲು ಒಂದು ಲೀಟರಿನ ಅಳತೆ ಸಿಲಿಂಡರ್ ತನ್ನಿ. ಏರೇಶನ್ ಟ್ಯಾಂಕಿನ (ಗಾಳಿ ಊದುವ ಟ್ಯಾಂಕ್) ನೀರು ತುಂಬಿಸಿ 30 ನಿಮಿಷ ಅಲುಗಾಡಿಸದೆ ಇಡಿ. ಸ್ಲಡ್ಜ್ 350 ಮಿಲಿಲೀಟರಿಗೆ ಇಳಿದು, ಲ್ಯಾಬ್ ಹೇಳಿದ ಎಂಎಲ್‌ಎಸ್‌ಎಸ್ (ಒಂದು ಲೀಟರ್ ನೀರಿನಲ್ಲಿರುವ ಒಣ ಸ್ಲಡ್ಜ್, ಮಿಲಿಗ್ರಾಂನಲ್ಲಿ) 3,500 ಇದ್ದರೆ ಎಸ್‌ವಿಐ (ಒಂದು ಗ್ರಾಂ ಸ್ಲಡ್ಜ್ ಕೂತಾಗ ಹಿಡಿಯುವ ಮಿಲಿಲೀಟರ್ ಜಾಗ) 100, ಚೆನ್ನಾಗಿ ಕೂರುತ್ತಿದೆ ಅಂತ ಅರ್ಥ. 150 ದಾಟಿದರೆ ಕೂರುವುದರಲ್ಲೇ ತೊಂದರೆ ಇದೆ. ಬಣ್ಣ ಚಾಕೊಲೇಟ್ ಕಂದು, ವಾಸನೆ ಒದ್ದೆ ಮಣ್ಣಿನದು ಇರಬೇಕು. ದಪ್ಪ ಕಂದು ನೊರೆ ಸ್ಲಡ್ಜ್ ಹಳೆಯದಾಗಿರುವ ಗುರುತು.

ಆಮೇಲೆ ಸ್ಲಡ್ಜ್ ತೆಗೆಯುವ ಲೆಕ್ಕ. ನಿಮ್ಮ ಏರೇಶನ್ ಟ್ಯಾಂಕ್ 64 ಘನ ಮೀಟರ್ ಅಂದುಕೊಳ್ಳಿ. ಎಂಎಲ್‌ಎಸ್‌ಎಸ್ 3,500 ಇದ್ದರೆ ಒಳಗೆ 224 ಕಿಲೋ ಸ್ಲಡ್ಜ್ ಇದೆ. ಸ್ಲಡ್ಜ್ ವಯಸ್ಸು, ಅಂದರೆ ಅದು ಸರಾಸರಿ ಒಳಗೆ ಉಳಿಯುವ ಕಾಲ, 20 ದಿನಕ್ಕೆ ನಿಲ್ಲಿಸಬೇಕಾದರೆ ದಿನಕ್ಕೆ ಸುಮಾರು 11 ಕಿಲೋ ಹೊರಗೆ ಹೋಗಬೇಕು. ಕ್ಲಾರಿಫೈಯರ್ ತಳದಿಂದ ವಾಪಸ್ ಬರುವ ಸ್ಲಡ್ಜ್ ಲೀಟರಿಗೆ 10 ಗ್ರಾಂ ಇದ್ದರೆ ಅದು 1,100 ಲೀಟರ್. ಅರ್ಧ ಮನೆಗಳಿಗೆ ಅರ್ಧ ದಾಸ್ತಾನು ಸಾಕು, ಆದ್ದರಿಂದ ಎಂಎಲ್‌ಎಸ್‌ಎಸ್ ಅನ್ನು ನಿಧಾನವಾಗಿ 2,000ದ ಹತ್ತಿರ ತನ್ನಿ. ಒಂದೇ ದಿನ ಖಾಲಿ ಮಾಡಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ತುಂಬ ನಿಧಾನವಾಗಿ ಬೆಳೆಯುತ್ತವೆ. ಫಿಲ್ಟರ್ ಪ್ರೆಸ್ (ತೆಗೆದ ಸ್ಲಡ್ಜ್‌ನಿಂದ ನೀರು ಹಿಂಡುವ ಯಂತ್ರ) ಓಡಿಸುವುದು ಗಲೀಜು ಕೆಲಸ ಅಂತ ಎಷ್ಟೋ ಕಡೆ ಇದನ್ನು ಮುಂದೂಡುತ್ತಾರೆ. ಕಾಯಿಲೆ ಶುರುವಾಗುವುದು ಅಲ್ಲಿಂದಲೇ.

ಬಿಲ್ ಇಳಿಯುವುದು ಗಾಳಿಯಲ್ಲಿ. ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಮೀಟರ್ ಕೊಳ್ಳಿ, ಲೀಟರಿಗೆ 2 ಮಿಲಿಗ್ರಾಂ ಸುತ್ತ ಇರಲಿ. 4, 5 ತೋರಿಸಿದರೆ ಕರೆಂಟ್ ಸುಮ್ನೆ ಪೋಲು. ಟ್ವಿನ್ ಲೋಬ್ (ಎರಡು ರೋಟರ್‌ಗಳ) ಬ್ಲೋವರ್‌ಗೆ ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಮ್ಮಿ ಮಾಡುವ ಸಾಧನ) ಹಾಕಿ ವೇಗ ಇಳಿಸಿದರೆ ಕರೆಂಟ್ ಹೆಚ್ಚೂಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಟೈಮರ್ ಇಟ್ಟು ಅರ್ಧ ಗಂಟೆ ನಿಲ್ಲಿಸಿ ಓಡಿಸಿದರೆ ಇನ್ನೂ ಲಾಭ: ಒಂದು ಕಿಲೋ ಅಮೋನಿಯಾ ಸಾರಜನಕಕ್ಕೆ 4.57 ಕಿಲೋ ಆಮ್ಲಜನಕ ಬೇಕು, ಅದು ನೈಟ್ರೇಟ್ ದಾಟಿ ಅನಿಲವಾಗಿ ಹೋದರೆ 2.86 ಕಿಲೋ ವಾಪಸ್ ಸಿಗುತ್ತದೆ. ನೈಟ್ರೇಟ್ ಏರೇಶನ್ ಟ್ಯಾಂಕಿನಲ್ಲೇ ಮುಗಿಯುವುದರಿಂದ ಮುದ್ದೆ ತೇಲುವುದೂ ಕಮ್ಮಿ.

ವಾಸನೆ ಬಹುಪಾಲು ಈಕ್ವಲೈಸೇಶನ್ ಟ್ಯಾಂಕಿನದು, ಅಂದರೆ ಬಂದ ಕೊಳಚೆ ಮೊದಲು ಸೇರುವ ಟ್ಯಾಂಕು. ರಾತ್ರಿ ಪಂಪ್ ನಿಲ್ಲಿಸಿ ಮಲಗಿದರೆ ಕೊಳಚೆ ಅಲ್ಲೇ ಕೊಳೆಯುತ್ತದೆ, ಬೆಳಿಗ್ಗೆ 7ಕ್ಕೆ ಬರುವ ನೀರಿಗೆ ಜಾಗವೂ ಇರುವುದಿಲ್ಲ. ರಾತ್ರಿಯೆಲ್ಲ ಸಣ್ಣ ಪ್ರಮಾಣದಲ್ಲಿ ಸಾಗಿಸಿ, ಬೆಳಗಿನ ಹೊತ್ತಿಗೆ ಟ್ಯಾಂಕ್ ತಗ್ಗಿರಲಿ. ಅದಕ್ಕೂ ಸ್ವಲ್ಪ ಗಾಳಿ ಬೇಕು.

ಬ್ಯಾಕ್ಟೀರಿಯಾ ಪುಡಿ ಮಾರಲು ಬಂದರೆ ಬೇಡ ಅನ್ನಿ. ಓಡುತ್ತಿರುವ ಪ್ಲಾಂಟ್‌ಗೆ ಕೊಳಚೆಯಲ್ಲೇ ಬೇಕಾದಷ್ಟು ಬರುತ್ತವೆ.

ಒಂದು ವಿಷಯ ಮಾತ್ರ ಕೈಮುಗಿದು ಕೇಳುತ್ತೇನೆ. ಡಿಫ್ಯೂಸರ್ (ಟ್ಯಾಂಕಿನ ತಳದಲ್ಲಿ ಗಾಳಿಯ ಗುಳ್ಳೆ ಬಿಡುವ ಭಾಗ) ನೋಡಲು, ಕೆಸರು ತೆಗೆಯಲು ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ಗೊತ್ತೇ ಆಗುವುದಿಲ್ಲ, ಒಬ್ಬರನ್ನು ಉಳಿಸಲು ಇಳಿದವರೂ ಸಾಯುತ್ತಾರೆ. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೇಲಿಂದ ಎತ್ತುವ ಡಿಫ್ಯೂಸರ್ ಹಾಕಿಸಿ.

ಒಂದೂವರೆ ತಿಂಗಳು ಹೀಗೆ ನಡೆಸಿ, ದಿನಾ ಡಿಒ, ಸಿಲಿಂಡರ್ ಅಳತೆ, ತೆಗೆದ ಸ್ಲಡ್ಜ್ ಬರೆದಿಡಿ. ಬ್ಲೋವರ್ ಪೂರ್ತಿ ಓಡುತ್ತಿದ್ದರೂ ಡಿಒ 1 ದಾಟದಿದ್ದರೆ ಡಿಫ್ಯೂಸರ್ ಹರಿದಿರಬಹುದು, ನೀರಿನ ಮೇಲೆ ಒಂದೇ ಕಡೆ ದೊಡ್ಡದಾಗಿ ಕುದಿಯುವಂತೆ ಕಾಣುತ್ತದಾ ನೋಡಿ. ಅಂಕಿಗಳನ್ನು ಇಲ್ಲಿ ಹಾಕಿದರೆ ಖಂಡಿತ ನೋಡುತ್ತೇನೆ.