ತಂದೆ ಬಿಳಿಯರಾದರೂ ಕಪ್ಪು ಜನರ ಹಾಡೇ ಯಾಕೆ?

ಪ್ರಿಯ ಓದುಗರೇ,

ಅಮೆರಿಕದ ಗಾಯಕಿ ರಿಯಾನನ್ ಗಿಡೆನ್ಸ್ ಅವರ 'ಫ್ರೀಡಂ ಹೈವೇ' ಆಲ್ಬಮ್ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಕೇಳಿದ್ದೀರಿ: "ಈಕೆಯ ತಂದೆ ಬಿಳಿಯರು. ಹಾಗಿದ್ದೂ ಹಾಡೋದೆಲ್ಲ ಕಪ್ಪು ಜನರ ನೋವು. ತಂದೆಯ ಕಡೆಯನ್ನು ಬಿಟ್ಟೇಬಿಟ್ಟರಾ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಯಾವುದನ್ನೂ ಬಿಟ್ಟಿಲ್ಲ. ಓಬರ್ಲಿನ್ ಸಂಗೀತ ಶಾಲೆಯಲ್ಲಿ ಯುರೋಪಿನ ಸಂಗೀತ ನಾಟಕವಾದ ಒಪೆರಾ ಕಲಿತವರು, ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಗೇಲಿಕ್ ಭಾಷೆಯ ಹಾಡುಗಳನ್ನೂ ಹಾಡಿದವರು. ಹುಟ್ಟಿದ್ದು 1977ರಲ್ಲಿ, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ. ಕಪ್ಪು ತಾಯಿ, ಬಿಳಿ ತಂದೆ. ಅದಕ್ಕೆ ಹತ್ತೇ ವರ್ಷ ಮೊದಲು ಆ ರಾಜ್ಯದಲ್ಲಿ ಇಂಥ ಮದುವೆಗೆ ಕಾನೂನೇ ಅಡ್ಡ ಇತ್ತು. 1967ರಲ್ಲಿ ಲವಿಂಗ್ ಎಂಬ ದಂಪತಿಯ ಪ್ರಕರಣದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು.

2017ರ ಈ ಆಲ್ಬಮ್‌ನ ಮೊದಲ ಹಾಡನ್ನೇ ನೋಡಿ. 'ಅಟ್ ದ ಪರ್ಚೇಸರ್ಸ್ ಆಪ್ಷನ್' (ಕೊಳ್ಳುವವರ ಇಷ್ಟ) ಹುಟ್ಟಿದ್ದು ಗುಲಾಮಗಿರಿಯ ಕಾಲದ ಒಂದು ಜಾಹೀರಾತಿನಿಂದ. ಸುಮಾರು 22 ವರ್ಷದ ಹೆಣ್ಣು ಮಾರಾಟಕ್ಕಿದ್ದಾಳೆ. ಅವಳಿಗೊಂದು 9 ತಿಂಗಳ ಮಗು. ಕೊಳ್ಳುವವರು ಬೇಕಿದ್ದರೆ ಅದನ್ನೂ ಒಯ್ಯಬಹುದು, ಬೇಡದಿದ್ದರೆ ಬಿಡಬಹುದು. ಆ ತಾಯಿಯ ದನಿಯಲ್ಲಿ ಗಿಡೆನ್ಸ್ ಹಾಡುತ್ತಾರೆ.

ಆ ಮಗುವಿನ ತಂದೆ ಯಾರು? ಗೊತ್ತಾಗಬೇಕಾದ ಅಗತ್ಯವೇ ಮಾರುವವರಿಗೆ ಇರಲಿಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಅಂತ ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಯಜಮಾನನೇ ತಂದೆಯಾದರೂ ಮಗು ಅವನ ಸೊತ್ತು, ಬೇಕೆಂದಾಗ ಮಾರಬಹುದು. ನೀವು ಹೇಳುವ 'ತಂದೆಯ ಕಡೆ' ಅನ್ನೋದು ಅಂಥ ಎಷ್ಟೋ ಮಕ್ಕಳಿಗೆ ಸಿಕ್ಕಲೇ ಇಲ್ಲ, ಅಲ್ವಾ? ಎರಡೂ ಕಡೆಯವರನ್ನು ಅಪ್ಪ, ಅಮ್ಮ ಅಂತ ಕರೆಯುತ್ತ ಬೆಳೆದ ಗಾಯಕಿ, ಹಾಗೆ ಕರೆಯಲಾಗದವರ ಹಾಡು ಹಾಡಿದ್ದಾರೆ. ನನಗೆ ಇದು ತುಂಬ ದೊಡ್ಡ ಕೆಲಸ ಅನ್ನಿಸುತ್ತದೆ.

ಗಿಡೆನ್ಸ್ ನುಡಿಸುವ ತಂತಿವಾದ್ಯದ ಬಗ್ಗೆ "ಬ್ಯಾಂಜೋ ಬಿಳಿಯರ ವಾದ್ಯ ತಾನೇ?" ಅಂತಲೂ ಬರೆದಿದ್ದೀರಿ. ಅಲ್ಲ. ಅದರ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಗುಲಾಮರಾಗಿ ಬಂದವರು ಸೋರೆ ಬುರುಡೆಗೆ ತೊಗಲು ಬಿಗಿದು ಮಾಡಿ ನುಡಿಸಿದ್ದು. 19ನೇ ಶತಮಾನದಲ್ಲಿ ಬಿಳಿ ಕಲಾವಿದರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸುತ್ತ ಅದನ್ನೇ ನುಡಿಸಿದರು. ಗಿಡೆನ್ಸ್ ಕೈಯಲ್ಲಿರುವುದು 1858ರ ಅಂಥ ಬ್ಯಾಂಜೋದ ಪಡಿಯಚ್ಚು. ಹಳೆಯ ನುಡಿಸಾಣಿಕೆಯನ್ನು ಅವರು ಕಲಿತದ್ದು ಕಪ್ಪು ಪಿಟೀಲುಗಾರ ಜೋ ಥಾಂಪ್ಸನ್ ಎಂಬ ಹಿರಿಯರ ಹತ್ತಿರ.

ಇನ್ನೊಮ್ಮೆ ಕೇಳುವುದಾದರೆ ಇದೇ ಆಲ್ಬಮ್‌ನ 'ಜೂಲಿ' ಹಾಡಿನಿಂದ ಶುರು ಮಾಡಿ. ಅಮೆರಿಕದ ಅಂತರ್ಯುದ್ಧದ ಕಾಲ, ಗುಲಾಮರನ್ನು ಬಿಡಿಸುವ ಸೈನಿಕರು ಬರುತ್ತಿದ್ದಾರೆ. ಈ ಪೆಟ್ಟಿಗೆಯ ಚಿನ್ನ ನಿನ್ನದೇ ಅಂತ ಹೇಳು ಎಂದು ಒಡತಿ ತನ್ನ ಗುಲಾಮಳಾದ ಜೂಲಿಯನ್ನು ಬೇಡುತ್ತಾಳೆ. ಅದು ನನ್ನ ಮಕ್ಕಳನ್ನು ಮಾರಿ ಗಳಿಸಿದ್ದು ಅಂತಾಳೆ ಜೂಲಿ. ಇಬ್ಬರ ಮಾತನ್ನೂ ಗಿಡೆನ್ಸ್ ಅವರೇ ಹಾಡುತ್ತಾರೆ.

– ಸಂಪಾದಕ