ಹ್ಯಾವ್‌ಲಾಕ್ ಡೈವಿಂಗ್: ನೆಗಡಿ, ಕಿವಿ, ವಾಪಸ್ ವಿಮಾನ

ಸ್ವಲ್ಪ ನೆಗಡಿ ಇದೆ, ಅಂಡಮಾನ್‌ನ ಹ್ಯಾವ್‌ಲಾಕ್‌ನಲ್ಲಿ ಕೊನೇ ದಿನವೂ ಸ್ಕೂಬಾ ಡೈವ್ ಮಾಡಿ ಅವತ್ತೇ ಬೆಂಗಳೂರು ವಿಮಾನ ಹತ್ತಬಹುದಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನಾ ಇಳಿದಿದ್ದರೆ 18 ಗಂಟೆ ಬಿಡಬೇಕು. ನೀರಿನ ಒತ್ತಡಕ್ಕೆ ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗುತ್ತದೆ, ಅಷ್ಟರೊಳಗೆ ಮೇಲೆ ಹಾರಿದರೆ ಅದು ಮೈಯೊಳಗೇ ಗಾಳಿಗುಳ್ಳೆಗಳಾಗಬಹುದು. ಕೊನೇ ದಿನ ರಾಧಾನಗರ ಬೀಚ್‌ನಲ್ಲಿ ಸುಮ್ನೆ ಕೂತಿರಿ. (ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಅವತ್ತು ರಾತ್ರಿಯೇ ಬಸ್ಸಲ್ಲಿ ಘಾಟಿ ಹತ್ತೋದೂ ಎತ್ತರಕ್ಕೆ ಏರಿದ ಹಾಗೇ ಅಲ್ವಾ, ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ.)

ನೆಗಡಿ ಪೂರ್ತಿ ಹೋಗದೆ ನೀರಿಗಿಳಿಯಬೇಡಿ. ನಾನು ಹಟಕ್ಕೆ ಇಳಿದೆ. ಮೂರು ಮೀಟರ್‌ಗೇ ಕಿವಿಗೆ ಸೂಜಿ ಚುಚ್ಚಿದ ಹಾಗಾಗಿ ವಾಪಸ್ ಬಂದೆ, ಆಮೇಲೆ ಎರಡು ದಿನ ಊಟದ ಟೇಬಲ್‌ನಲ್ಲಿ ಎಲ್ಲರಿಗೂ "ಏನು? ಏನು?" ಅಂತ ಕೇಳೋದೇ ಆಯಿತು. ಕಿವಿಯ ಒತ್ತಡ ಸರಿಮಾಡೋಕೆ ಮೂಗು ಹಿಡಿದು ಮೆಲ್ಲಗೆ ಊದೋದನ್ನು ನೋವು ಬರುವ ಮೊದಲೇ, ಇಳಿಯುತ್ತಾ ಇಳಿಯುತ್ತಾ ಮಾಡಬೇಕು. ನೋವು ಬಂದರೆ ಸ್ವಲ್ಪ ಮೇಲೆ ಬನ್ನಿ, ಜೋರಾಗಿ ಊದಬೇಡಿ.

ಬಿಸಿಲಿಗೆ ನೀರು ಜಾಸ್ತಿ ಕುಡಿಯಿರಿ. ಬಿಯರ್ ಏನಿದ್ದರೂ ಅವತ್ತಿನ ಡೈವ್ ಎಲ್ಲಾ ಮುಗಿದ ಮೇಲೆ. ಹವಳ ತರಚಿದರೆ ತಕ್ಷಣ ಸೋಪು ಹಾಕಿ ಸಿಹಿನೀರಲ್ಲಿ ತೊಳೆಯಿರಿ, ಆ ಗಾಯ ಬೇಗ ಒಣಗೋದಿಲ್ಲ.