ಓದುಗರ ಪ್ರಶ್ನೆ: ನರ್ಸ್‌ಗಳ ಸಂಬಳ, ಪಾಳಿಯ ಲೆಕ್ಕ

ಪ್ರಶ್ನೆ: 80 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಸಂಬಳ 17,000 ರೂ. ಕನಿಷ್ಠ 20,000 ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನಿಜವೇ?

ಉತ್ತರ: ಅರ್ಧ ನಿಜ. 2016ರ ಜನವರಿ 29ರಂದು ಕೋರ್ಟ್ ಕೇಂದ್ರಕ್ಕೆ ಹೇಳಿದ್ದು, ಸಮಿತಿ ಮಾಡಿ ಎಂದು. 20,000 ಆ ಸಮಿತಿಯ ಶಿಫಾರಸು, ಅದೂ 50ಕ್ಕಿಂತ ಕಡಿಮೆ ಹಾಸಿಗೆ ಇರುವ ಕಡೆಗೆ. 200 ದಾಟಿದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ರಿಂದ 200ರವರೆಗೆ ಅದಕ್ಕಿಂತ ಶೇ. 10ರಷ್ಟು, 50ರಿಂದ 100ರವರೆಗೆ ಶೇ. 25ರಷ್ಟು ಮಾತ್ರ ಕಡಿಮೆ ಇರಬಹುದು. ನೀವು ಬರುವುದು ಈ ಕೊನೆಯ ಗುಂಪಿಗೆ. ಅಂದರೆ ಸರ್ಕಾರಿ ಸಂಬಳ 40,000 ಎಂದಿಟ್ಟುಕೊಂಡರೆ ನಿಮ್ಮದು 30,000ಕ್ಕಿಂತ ಕೆಳಗೆ ಇಳಿಯಬಾರದು.

ಆದರೆ ಆರೋಗ್ಯ ರಾಜ್ಯದ ವಿಷಯ. ಶಿಫಾರಸಿನ ಪ್ರತಿ ಹಿಡಿದು ಕಾರ್ಮಿಕ ಇಲಾಖೆಗೆ ಹೋದರೆ ಬರಿಗೈಲಿ ವಾಪಸ್ ಬರುತ್ತೀರಿ. ಅಲ್ಲಿ ನಡೆಯುವುದು ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳಿಗೆ ರಾಜ್ಯ ಹೊರಡಿಸಿರುವ ಕನಿಷ್ಠ ವೇತನದ ಅಧಿಸೂಚನೆ. ಅದರಲ್ಲಿ ನಿಮ್ಮ ಹುದ್ದೆ, ನಿಮ್ಮ ಊರಿನ ವಲಯ ನೋಡಿ. ಪ್ರತಿ ಏಪ್ರಿಲ್‌ಗೆ ಬದಲಾಗುವ ತುಟ್ಟಿಭತ್ಯೆಯನ್ನೂ ಕೂಡಿಸಿಕೊಳ್ಳಿ. ನೇಮಕಾತಿ ಪತ್ರವನ್ನು ಮರೆಯದೆ ಓದಿ: ಕೆಲಸ ಸ್ಟಾಫ್ ನರ್ಸ್‌ದು, ಕಾಗದದಲ್ಲಿ ಮಾತ್ರ ‘ಟ್ರೈನಿ’ ಅಥವಾ ‘ಸಹಾಯಕಿ’ ಎಂದಿದ್ದರೆ ಕೆಳಗಿನ ದರ್ಜೆಯ ವೇತನಕ್ಕೆ ಅದೇ ನೆಪವಾಗುತ್ತದೆ. ದೂರು ಕೊಡುವಾಗ ಈ ಪತ್ರ, ಬ್ಯಾಂಕ್ ಪಾಸ್‌ಬುಕ್, ಮೂರು ತಿಂಗಳ ಡ್ಯೂಟಿ ಚಾರ್ಟಿನ ಫೋಟೊ ಜೊತೆಗಿರಲಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ 30 ಹಾಸಿಗೆ, 15 ನರ್ಸ್. ಪಾಳಿಗೆ ಐವರಂತೆ 1:6 (ಆರು ಹಾಸಿಗೆಗೆ ಒಬ್ಬ ನರ್ಸ್) ಸರಿಯಾಗಿದೆ ಎನ್ನುತ್ತಾರೆ. ಹಾಗಿದ್ದರೆ ರಾತ್ರಿ ಇಬ್ಬರೇ ಏಕೆ?

ಉತ್ತರ: ಆ 15ರಲ್ಲಿ ಯಾರಿಗೂ ವಾರದ ರಜೆಯೇ ಇಲ್ಲವೆಂದು ಲೆಕ್ಕ ಹಾಕಿದ್ದಾರೆ! ಮೂರು ಪಾಳಿಗೆ ದಿನಕ್ಕೆ 15 ಡ್ಯೂಟಿ, ವರ್ಷಕ್ಕೆ 5,475. ವಾರದ ರಜೆ 52, ಹಬ್ಬ, ಸಿಎಲ್, ಕಾಯಿಲೆ ಎಂದು ಇನ್ನೊಂದು 33 ಕಳೆದರೆ ಒಬ್ಬರು ಬರುವುದು 280 ದಿನ. 5,475 ಭಾಗಿಸು 280, ಅಂದರೆ 20 ಜನ ಬೇಕು. ಹುದ್ದೆಗಳ ಮೇಲೆ ಶೇ. 30ರಷ್ಟು ರಜಾ ಮೀಸಲು ಇರಬೇಕೆನ್ನುವುದು ಇದಕ್ಕೇ.

ಹದಿನೈದೇ ಜನರಿದ್ದರೆ ಸಿಗುವುದು ವರ್ಷಕ್ಕೆ 4,200 ಡ್ಯೂಟಿ, ದಿನಕ್ಕೆ ಹನ್ನೊಂದೂವರೆ. ಡಾಕ್ಟರ ರೌಂಡ್ಸ್ ಇರುವ ಬೆಳಿಗ್ಗೆಗೆ ಐವರು, ಮಧ್ಯಾಹ್ನಕ್ಕೆ ನಾಲ್ವರು, ರಾತ್ರಿಗೆ ಉಳಿದವರು ಇಬ್ಬರು. ಹೆರಿಗೆ ರಜೆ ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ವಾದಕ್ಕಿಂತ ಚಾರ್ಟ್ ಮೇಲು. ಒಂದು ತಿಂಗಳು ಪ್ರತಿ ರಾತ್ರಿ 12ಕ್ಕೆ ವಾರ್ಡಿನಲ್ಲಿದ್ದ ರೋಗಿಗಳೆಷ್ಟು, ನರ್ಸ್‌ಗಳೆಷ್ಟು ಎಂದು ಬರೆದಿಡಿ. ಇನ್‌ಚಾರ್ಜ್ ಸಿಸ್ಟರ್, ತರಬೇತಿಗೆ ಬಂದ ವಿದ್ಯಾರ್ಥಿಗಳು ಎಣಿಕೆಗೆ ಬೇಡ. ಸಂಖ್ಯೆ ತುಂಬಿಸುವುದು ಹೆಚ್ಚಾಗಿ ಇವರಿಂದಲೇ. ಮಧ್ಯರಾತ್ರಿ ಐಸಿಯು ಕೆಲಸಕ್ಕೆ ಕಳುಹಿಸಿದ ನರ್ಸ್‌ಗಳನ್ನೂ, ಕಳುಹಿಸಿದ ಹೊತ್ತು ನಮೂದಿಸಿ, ಕಳೆಯಿರಿ.